ವಿಷ ಏರದ ಕೈ

ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ಚೇಳು ಕುಟುಕಿತ್ತು. ಜೆಪ್ಪುವಿನ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಅವಳು ತಲೆಹೊರೆಯ ಕೆಲಸಕ್ಕೆ ಹೋಗುತ್ತಿದ್ದಳು. ಸುಟ್ಟ ಹಂಚನ್ನು ಹೊತ್ತು ತಂದು ಅಂಗಳದಲ್ಲಿ ಅಟ್ಟಿ ಹಾಕುವುದು, ಅಟ್ಟಿಯಿಂದ ಮತ್ತೆ ಗಾಡಿಗೋ ದೋಣಿಗೋ ಹೊರುವುದು ಅವಳ ಕೆಲಸ. ಹಳೆಯ ಅಟ್ಟಿಯೊಂದನ್ನು ಬಿಚ್ಚುವಾಗ ಬೆರಳಿಗೆ ಕುಟುಕಿತಂತೆ. ನಡೆದದ್ದು ಅಷ್ಟೇ. ಆದರೆ ನಮ್ಮವರಲ್ಲಿ ಒಂದು ನಂಬಿಕೆ ಇತ್ತು. ಬಸುರಿಗೆ ಚೇಳು ಕುಟುಕಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಜನ್ಮದಲ್ಲಿ ಚೇಳಿನ ವಿಷ ಏರುವುದಿಲ್ಲ, ನೋವೂ ಆಗುವುದಿಲ್ಲ. ಆ ಮಗು ಕೈಯಿಂದ ಸವರಿದರೆ ಬೇರೆಯವರ ವಿಷವೂ ಇಳಿಯುತ್ತದೆ. ಹೀಗೆ ಹುಟ್ಟುವ ಮೊದಲೇ ನನಗೊಂದು ಉದ್ಯೋಗ ಸಿಕ್ಕಿಬಿಟ್ಟಿತ್ತು.

ನಮ್ಮ ಮನೆಮಾತು ತುಳು. ಕನ್ನಡ ಕಲಿತದ್ದು ಶಾಲೆಯಲ್ಲಿ, ಅದೂ ನಾಲ್ಕಾರು ಕ್ಲಾಸು. ಉಳಿದದ್ದು ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ಬಂದದ್ದು. ಇಲ್ಲಿ ಯಾರಾದರೂ ಮಾತಾಡಿದರೆ ಅದನ್ನು ನಮ್ಮ ಪೇಟೆಯ ಕನ್ನಡಕ್ಕೆ ತಂದು ಬರೆದಿದ್ದೇನೆ. ಮೊದಲ ಮಹಾಯುದ್ಧ ಮುಗಿದ ನಂತರದ ವರ್ಷಗಳ ಮಾತಿದು. ಓದುವವರು ಇದರಲ್ಲಿ ಕಣ್ಣೀರು ಹುಡುಕಬಾರದು, ನನಗೆ ಅದು ಬರುವುದಿಲ್ಲ. ಬಾರದ್ದನ್ನು ಬಂದಂತೆ ತೋರಿಸುವ ಅಭ್ಯಾಸ ನನಗಿಲ್ಲ. ಬಂದದ್ದನ್ನು ಬಾರದಂತೆ ತೋರಿಸುವ ಅಭ್ಯಾಸ ಮಾತ್ರ ಚೆನ್ನಾಗಿ ಆಗಿದೆ. ಅದು ಹೇಗಾಯಿತು ಎಂದು ಹೇಳುತ್ತೇನೆ.

ಮೊದಲ ಸಲ ನನಗೆ ಕುಟುಕಿದ್ದು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ. ಬಚ್ಚಲಿನ ಹಿಂದೆ ಸೌದೆಯ ರಾಶಿಯಿಂದ ತೆಂಗಿನ ಒಣ ಮಡಲು ಎಳೆಯುತ್ತಿದ್ದೆ. ಹೆಬ್ಬೆರಳಿನ ಬುಡಕ್ಕೆ ಕಾದ ಸೂಜಿ ಚುಚ್ಚಿದ ಹಾಗಾಯಿತು. ಅಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ, ಅಮ್ಮ, ಪಕ್ಕದ ಮನೆಯವರು ಎಲ್ಲ ಓಡಿ ಬಂದು ಸುತ್ತ ನಿಂತಿದ್ದರು. ಒಬ್ಬರ ಮುಖದಲ್ಲೂ ಹೆದರಿಕೆ ಇರಲಿಲ್ಲ. ಆಟ ನೋಡಲು ಬಂದವರ ಖುಷಿ ಇತ್ತು.

"ಎಂತ ಮಗಾ, ನೋವುಂಟಾ?" ಎಂದು ಅಜ್ಜಿ ಕೇಳಿದರು. ಕೇಳುವಾಗಲೇ ಅವರ ತಲೆ ಇಲ್ಲ ಎಂಬಂತೆ ಅಲ್ಲಾಡುತ್ತಿತ್ತು.

"ಇಲ್ಲ" ಎಂದೆ.

ಎಲ್ಲರೂ ಹೋ ಎಂದು ನಕ್ಕರು. ಅಮ್ಮ ನನ್ನನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. ಅಂದು ತಾನು ತಿಂದ ನೋವು ದಂಡವಾಗಲಿಲ್ಲ ಎಂಬ ಹೆಮ್ಮೆ ಅವಳ ಮುಖದಲ್ಲಿತ್ತು. ಕೆಲಸದಿಂದ ಬಂದರೆ ಮಕ್ಕಳನ್ನು ಎತ್ತಿಕೊಳ್ಳಲು ತ್ರಾಣವಿಲ್ಲದ ಹೆಂಗಸು ಅವಳು. ಆ ಸೊಂಟದ ಮೇಲೆ ಕುಳಿತು, ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು, ನಾನೂ ನಕ್ಕೆ.

ಆಮೇಲೆ ಎಷ್ಟು ಸಲ ಕುಟುಕಿತೋ ಗೊತ್ತಿಲ್ಲ. ಸೌದೆ ತರಬೇಕೇ, ಹಳೆಯ ಚಾಪೆ ಎತ್ತಬೇಕೇ, ಕಲ್ಲು ಮಗುಚಬೇಕೇ, ಅವಳನ್ನು ಕಳಿಸಿ ಎನ್ನುವವರೇ ಎಲ್ಲ. ನನ್ನ ಅಣ್ಣ ನನಗಿಂತ ಗಟ್ಟಿಮುಟ್ಟಾಗಿದ್ದ. ಅವನು ದೂರ ನಿಂತು ಇಲ್ಲಿ ನೋಡು, ಅಲ್ಲಿ ನೋಡು ಎಂದು ಯಜಮಾನಿಕೆ ಮಾಡುತ್ತಿದ್ದ. ನೋವಾಗುತ್ತಿತ್ತೇ ಎಂದು ಕೇಳಿದರೆ, ಆಗುತ್ತಿತ್ತು. ಆದರೆ ಬರಬರುತ್ತಾ ಅದು ಪಕ್ಕದ ಮನೆಯಲ್ಲಿ ಯಾರನ್ನೋ ಯಾರೋ ಕರೆದ ಹಾಗೆ ಕೇಳಿಸತೊಡಗಿತು. ನನ್ನನ್ನಲ್ಲ ಎಂದು ಸುಮ್ಮನಿರುತ್ತಿದ್ದೆ. ಅಪ್ಪ ತೀರಿಕೊಂಡಾಗಲೂ ಹಾಗೆಯೇ ಆಯಿತು. ಹೆಣದ ಪಕ್ಕ ಕುಳಿತವಳಿಗೆ ಒಂದು ಹನಿ ನೀರು ಬರಲಿಲ್ಲ. ಜನ ಅದನ್ನೂ ಚೇಳಿನ ಲೆಕ್ಕಕ್ಕೇ ಹಾಕಿದರು.

ಊರಿನಲ್ಲಿ ಯಾರಿಗೆ ಕುಟುಕಿದರೂ ನನಗೆ ಕರೆ ಬರುತ್ತಿತ್ತು. ಉಣ್ಣುವ ಬಟ್ಟಲು ಬಿಟ್ಟು ಏಳಬೇಕಾಗುತ್ತಿತ್ತು. ಕುಟುಕಿಸಿಕೊಂಡವರು ಕೈಯನ್ನೋ ಕಾಲನ್ನೋ ಚಾಚಿ ಕುಳಿತಿರುತ್ತಿದ್ದರು. ನಾನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸವರುತ್ತಾ ಬರಬೇಕು. "ಎಲ್ಲಿಗೆ ಬಂತು?" ಎಂದು ಹಿರಿಯರು ಕೇಳಬೇಕು. "ಮೊಣಕೈಗೆ ಬಂತು", ಸ್ವಲ್ಪ ಹೊತ್ತಿಗೆ "ಮಣಿಕಟ್ಟಿಗೆ ಬಂತು", ಕೊನೆಗೆ "ಬೆರಳ ತುದಿಯಲ್ಲಿ ಮಾತ್ರ ಉಂಟು". ಅಲ್ಲಿಗೆ ಮುಗಿಯಿತು. ನನಗೊಂದು ತುಂಡು ಬೆಲ್ಲ ಕೊಟ್ಟು ಕಳಿಸುತ್ತಿದ್ದರು. ದೊಡ್ಡ ಮೀಸೆಯ ಗಂಡಸರು ಕೂಡ ನನ್ನ ಮುಂದೆ ಅಯ್ಯೋ ಅಮ್ಮಾ ಎಂದು ಒದ್ದಾಡುವುದನ್ನು ನೋಡಿದ್ದೇನೆ. ನನಗೆ ಅಸೂಯೆಯಾಗುತ್ತಿತ್ತು. ಎಷ್ಟು ಆರಾಮಾಗಿ ಕೂಗುತ್ತಾರಲ್ಲ ಇವರು ಎನಿಸುತ್ತಿತ್ತು.

ಹೀಗೆ ಚೇಳಿನೊಂದಿಗೆ ಸಂಬಂಧ ಬೆಳೆದ ಮೇಲೆ ಅದನ್ನು ನೋಡದೆ ಇರಲು ಆಗುತ್ತದೆಯೇ? ತುಳುವಿನಲ್ಲಿ ತೇಳು ಎನ್ನುತ್ತೇವೆ. ಒಡೆದ ಭರಣಿಯೊಂದರಲ್ಲಿ ಮಣ್ಣು ತುಂಬಿ ನಾನು ಒಂದನ್ನು ಸಾಕಿದ್ದೂ ಉಂಟು. ಜಿರಲೆ ಹಿಡಿದು ಹಾಕುತ್ತಿದ್ದೆ. ಬೆನ್ನ ಮೇಲೆ, ಪಕ್ಕದಲ್ಲಿ ಎಂದು ಬೇಕಾದಷ್ಟು ಕಣ್ಣುಗಳಿದ್ದರೂ ಅದಕ್ಕೆ ಕಾಣುವುದು ಅಷ್ಟಕ್ಕಷ್ಟೇ. ಜಿರಲೆಯ ಕಾಲು ಮಣ್ಣಿನ ಮೇಲೆ ಆಡಿದರೆ ಆ ನಡುಕ ಅದರ ಕಾಲಿಗೆ ಗೊತ್ತಾಗುತ್ತದೆ. ಆಮೇಲೆ ಅವಸರವಿಲ್ಲ. ಇಕ್ಕುಳದಂಥ ಕೈಗಳಿಂದ ಹಿಡಿದು, ಬೇಕಾದರೆ ಮಾತ್ರ ಬಾಲ ಎತ್ತುತ್ತದೆ. ಸಣ್ಣ ಜಿರಲೆಗೆ ವಿಷ ಖರ್ಚು ಮಾಡುವುದನ್ನು ನಾನು ನೋಡಲೇ ಇಲ್ಲ. ಮಳೆಗಾಲದಲ್ಲಿ ನಾನು ಮರೆತು ಬಹಳ ದಿನ ಏನೂ ಹಾಕದಿದ್ದರೂ ಅದು ಹಾಗೆಯೇ ಇತ್ತು. ಹಸಿವಿನ ಬಗ್ಗೆ ಅದೂ ಯಾರಲ್ಲೂ ದೂರು ಹೇಳುವ ಪ್ರಾಣಿಯಲ್ಲ.

ಚೇಳು ಮರಿ ಹಾಕುವಾಗ ಬೆನ್ನು ಒಡೆದು ತಾಯಿ ಸಾಯುತ್ತದೆ ಎಂದು ನಮ್ಮಲ್ಲಿ ಹೇಳುತ್ತಿದ್ದರು. ನನ್ನ ಭರಣಿಯಲ್ಲಿದ್ದದ್ದು ಸಾಯಲಿಲ್ಲ. ಮೊಟ್ಟೆ ಇಡದೆ ನೇರ ಮರಿಯನ್ನೇ ಹಾಕಿತು. ಅಕ್ಕಿಯಂತೆ ಬೆಳ್ಳಗಿದ್ದ ಮರಿಗಳು ಒಂದೊಂದಾಗಿ ತಾಯಿಯ ಕಾಲು ಹತ್ತಿ ಬೆನ್ನ ಮೇಲೆ ಹೋಗಿ ಕುಳಿತವು. ಮೊದಲ ಪೊರೆ ಕಳಚುವ ತನಕ ಅವು ಅಲ್ಲಿಂದ ಇಳಿಯಲಿಲ್ಲ. ಆಮೇಲೆ ಇಳಿದು ತಮ್ಮ ಪಾಡಿಗೆ ಹೋದವು. ಹೋಗದೆ ಸುತ್ತಮುತ್ತ ಉಳಿದ ಒಂದೆರಡನ್ನು ತಾಯಿಯೇ ತಿಂದಿತು. ಇದನ್ನು ಅಜ್ಜಿಗೆ ಹೇಳಿದಾಗ ಅವರು ನನ್ನ ತಲೆಗೊಂದು ಮೊಟಕಿ, "ಸುಳ್ಳು ಹೇಳ್ಬೇಡ ಮಾರಾಯ್ತಿ, ತಾಯಿ ಸಾಯ್ಲೇಬೇಕು" ಎಂದರು.

ನಮ್ಮ ಕಡೆ ಕಣ್ಣಿಗೆ ಬೀಳುವ ಚೇಳು ಹೆಚ್ಚಾಗಿ ಕಪ್ಪು. ಅಂಗೈಯಷ್ಟು ದೊಡ್ಡದು, ಏಡಿಯ ಕೊಂಬಿನಂಥ ದಪ್ಪ ಕೈಗಳು, ಎಣ್ಣೆ ಸವರಿದಂಥ ಮೈ. ನೋಡಿದರೆ ಎದೆ ಝಲ್ಲೆನ್ನಬೇಕು. ಇನ್ನೊಂದು ಜಾತಿ ಸಣ್ಣದು, ಒಣಹುಲ್ಲಿಗೂ ಹಳೆಯ ಹಂಚಿಗೂ ನಡುವಿನ ಬಣ್ಣ, ಸಪೂರ ಕೈಗಳು. ಬಾಲ ಮಾತ್ರ ದಪ್ಪ. ಅದು ಅಪರೂಪ. ಕೆಂಪು ಮುರಕಲ್ಲಿನ ರಾಶಿಯಲ್ಲಿ, ಗುಡ್ಡೆಯ ಒಣ ಜಾಗದಲ್ಲಿ ಇರುವಂಥದ್ದು. ಕಪ್ಪನ್ನು ಕಂಡರೆ ಬೀದಿಯೇ ಸೇರುತ್ತಿತ್ತು, ಸಣ್ಣದನ್ನು ಗುಡಿಸಿ ಬಿಸಾಡುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಒಂದು ಜೀವಶಾಸ್ತ್ರದ ಪುಸ್ತಕ ನನ್ನ ಕೈಗೆ ಬಂತು. ಕೈ ದಪ್ಪ ಇದ್ದರೆ ಕೈಯಲ್ಲೇ ಕೆಲಸ ಮುಗಿಸುತ್ತದೆ, ಅದರ ವಿಷ ಕಣಜದ ಹುಳದ ವಿಷದಷ್ಟೇ; ಬಾಲ ದಪ್ಪ ಇದ್ದರೆ ಹೆದರಬೇಕು ಎಂದು ಅದರಲ್ಲಿತ್ತು. ಕಪ್ಪಿನ ನೋವು ನಾನು ಸವರಿದರೂ ಇಳಿಯುತ್ತಿತ್ತು, ಸವರದಿದ್ದರೂ ಇಳಿಯುತ್ತಿತ್ತು. ನನಗೆ ಕುಟುಕಿದ್ದೆಲ್ಲ ಕಪ್ಪೇ.

ಹೆಣ್ಣು ನೋಡಲು ಬಂದ ಅತ್ತೆ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ತೋಳು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಇದೇ ಕೈಯಾ?" ಎಂದು ಅಮ್ಮನನ್ನು ಕೇಳಿದರು. ಅವರ ಊರು ಕುಲಶೇಖರ. ವಿಧವೆ. ಅವರ ಮಗ ಮಾಡಿನ ಕೆಲಸದವನು. ಮಳೆಗಾಲಕ್ಕೆ ಮುಂಚೆ ಮನೆಮನೆಯ ಮಾಡು ಹತ್ತಿ, ಹಂಚು ಇಳಿಸಿ, ಹುಳ ತಿಂದ ಮರದ ರೀಪುಪಟ್ಟಿ ಬದಲಿಸಿ, ತಿರುಗಿ ಹೊದಿಸುವುದು ಅವನ ಕಸುಬು. ಒಡೆಯದ ಹಳೆಯ ಹಂಚನ್ನು ಗಾಡಿಯಲ್ಲಿ ಮನೆಗೆ ತರುತ್ತಿದ್ದ. ಅತ್ತೆ ಅದನ್ನು ಒಂದೊಂದಾಗಿ ಕೈಯಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು. ಠಣ್ ಎಂದರೆ ಒಳ್ಳೆಯದು, ಅಟ್ಟಿಗೆ. ಬಡ್ ಎಂದರೆ ಒಳಗೆ ಸೀಳಿದೆ, ತಿಪ್ಪೆಗೆ. ಮನೆಯ ಸುತ್ತ ಆಳೆತ್ತರದ ಅಟ್ಟಿಗಳು. ಚೇಳಿಗೆ ಅದಕ್ಕಿಂತ ಒಳ್ಳೆಯ ಅರಮನೆ ಬೇರೆ ಇಲ್ಲ. ಬಿಸಿಲಿಗೆ ಮರೆ, ಮಳೆಗೆ ಮರೆ, ಒಂದೊಂದು ಹಂಚಿನ ಅಡಿಯಲ್ಲಿ ಒಂದೊಂದು ಕೋಣೆ.

ಮದುವೆಯಾಗಿ ಹೋದ ಮೇಲೆ ಅಟ್ಟಿ ಬಿಚ್ಚುವುದು ನನ್ನ ಕೆಲಸವಾಯಿತು. ಗಂಡ ಸಂಜೆ ಬಂದು, "ಇವತ್ತು ಎಷ್ಟು ತೇಳು ನಿನ್ನ ನೋಡಿ ಹೆದರಿ ಓಡಿದ್ದು?" ಎಂದು ಕೀಟಲೆ ಮಾಡುತ್ತಿದ್ದರು. ಅತ್ತೆಯನ್ನು ಕೆಟ್ಟವರೆಂದು ಯಾರೂ ತಿಳಿಯಬಾರದು. ನನಗೆ ಮೊದಲು ಬಡಿಸಿ ಆಮೇಲೆ ತಾವು ಉಣ್ಣುತ್ತಿದ್ದರು. ತಲೆಗೆ ಎಣ್ಣೆ ಹಾಕಿ ಬಾಚುತ್ತಿದ್ದರು. ಅಂಥ ಒಂದು ಮಧ್ಯಾಹ್ನ ತಲೆ ಬಾಚುತ್ತಲೇ ತಮ್ಮ ಸಣ್ಣ ಮಗನ ಕತೆ ಹೇಳಿದರು.

ನನ್ನ ಗಂಡನ ನಂತರ ಅವರಿಗೆ ಇನ್ನೊಂದು ಗಂಡುಮಗು ಇತ್ತು. ಓಡಾಡಿಕೊಂಡಿದ್ದ ಮಗು. ಅಟ್ಟಿಯ ಹತ್ತಿರ ಆಡುವಾಗ ಚೇಳು ಕುಟುಕಿತು. ಚೇಳು ನೋಡಿದರೆ ಸಣ್ಣದು, ಕಿರುಬೆರಳಿನಷ್ಟಿಲ್ಲ, ಹುಲ್ಲಿನ ಬಣ್ಣ. ಅತ್ತೆಗೆ ನಗು ಬಂತಂತೆ. "ಇಷ್ಟು ಸಣ್ಣದಕ್ಕೆ ಇಷ್ಟು ಬೊಬ್ಬೆಯಾ ಅಂತ ಕೇಳಿದೆ ಮಗಾ ನಾನು" ಎಂದರು. ಮಗು ಬೊಬ್ಬೆ ಹೊಡೆಯಿತು, ಆಮೇಲೆ ಸುಮ್ಮನಾಯಿತು. ಸುಮ್ಮನಾದಾಗ ನೋವು ಇಳಿಯಿತು ಎಂದುಕೊಂಡರು. ಮೈ ತಣ್ಣಗಾಗಿ ಬೆವರಿ ಬೆವರಿ ಅದೇ ದಿನ ಹೋಯಿತು. ಅತ್ತೆಯ ಕೈ ನನ್ನ ತಲೆಯ ಮೇಲೆ ನಿಂತಿತ್ತು. "ನನಗೆ ಅವನ ಬೊಬ್ಬೆ ಈಗಲೂ ಕೇಳ್ತದೆ. ಅದೊಂದು ಕೇಳದಿದ್ರೆ ಸಾಕಿತ್ತು" ಎಂದು ಮತ್ತೆ ಬಾಚತೊಡಗಿದರು. ಬಾಚಣಿಗೆ ಜಡೆಯ ಸಿಕ್ಕಿನಲ್ಲಿ ಎಳೆದದ್ದು ನನಗೆ ಗೊತ್ತಾಗಲಿಲ್ಲ.

ನಾನು ಬಸುರಿಯಾದೆ. ಬಯಕೆಯ ಊಟ ಮುಗಿದು, ಹೆರಿಗೆಗೆ ಜೆಪ್ಪುವಿಗೆ ಹೋಗಲು ಇನ್ನು ಸ್ವಲ್ಪ ದಿನ ಇತ್ತು. ಒಂದು ಬೆಳಿಗ್ಗೆ ಅತ್ತೆ ಅಕ್ಕಿ ಕೇರುವ ಗೆರಸೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟರು. ಗೆರಸೆಯ ಮೇಲೆ ತೆಂಗಿನ ಗೆರಟೆ ಬೋರಲಾಗಿತ್ತು. ಪಕ್ಕದಲ್ಲಿ ಅರೆದ ಅರಸಿನ. ಗೆರಟೆಯ ಒಳಗೆ ಕೆರೆಯುವ ಸದ್ದು ಕೇಳಿ ಏನೆಂದು ನನಗೆ ಗೊತ್ತಾಯಿತು.

"ಒಂದೇ ಸಲ ಮಗಾ" ಎಂದರು. "ನಿನಗೆ ಹೇಗೂ ನೋಯುವುದಿಲ್ಲ. ಮಗುವಿಗೆ ಆಯುಷ್ಯಕ್ಕೆ ಆಯ್ತು. ಒಳ್ಳೆ ದೊಡ್ಡದೇ ಹುಡುಕಿದ್ದೇನೆ, ಇಡೀ ನಿನ್ನೆ ಹುಡುಕಿದೆ."

ಚೇಳಿಗೆ ಅಷ್ಟು ಹೆದರುವ ಹೆಂಗಸು ಒಬ್ಬರೇ ಅಟ್ಟಿ ಬಿಚ್ಚಿ ಅದನ್ನು ಹಿಡಿದು ತಂದಿದ್ದರು. ನನ್ನ ಮಗುವಿಗಾಗಿ. ನನಗೆ ಸಿಟ್ಟು ಬರಬೇಕಿತ್ತು, ಅಥವಾ ಅಕ್ಕರೆ. ಎರಡೂ ಬರಲಿಲ್ಲ. ಗೆರಟೆಯ ಅಡಿಗೆ ಕೈ ಹಾಕಿದೆ. ಅದು ಕುಟುಕಲಿಲ್ಲ. ಕಪ್ಪು ಚೇಳು ಸುಲಭದಲ್ಲಿ ಕುಟುಕುವುದಿಲ್ಲ, ಕೈಯಿಂದ ನನ್ನ ಬೆರಳು ಹಿಡಿದುಕೊಂಡು ಸುಮ್ಮನೆ ನಿಂತಿತು. ಅತ್ತೆ ಒಂದು ಕಡ್ಡಿಯಿಂದ ಅದರ ಬೆನ್ನು ಚುಚ್ಚಿದರು. ಆಗ ಬಾಲ ಎತ್ತಿ ಹೊಡೆಯಿತು. ಹೊಟ್ಟೆಯಲ್ಲಿ ಮಗು ಒದ್ದಿತು. ಅದೊಂದು ಮಾತ್ರ ನನಗೆ ಸರಿಯಾಗಿ ತಿಳಿಯಿತು. ಅತ್ತೆ ನನ್ನ ಕೈಗೆ ಅರಸಿನ ಹಚ್ಚಿ, ಹಣೆಗೆ ಹಣೆ ತಾಗಿಸಿ ಅತ್ತರು.

ಹೆಣ್ಣುಮಗು ಹುಟ್ಟಿತು. ಅತ್ತೆ ಅದನ್ನು ನೆಲಕ್ಕೆ ಬಿಡಲಿಲ್ಲ. ನಡೆಯಲು ಕಲಿತ ಮೇಲೆ ಬಿಟ್ಟರು, ಹೋದಲ್ಲಿಗೆ ಬಿಟ್ಟರು. ಬೇರೆ ಮಕ್ಕಳನ್ನು ಅಟ್ಟಿಯ ಹತ್ತಿರ ಸುಳಿಯಲು ಬಿಡದ ಅವರು ನನ್ನ ಮಗಳನ್ನು ಅಟ್ಟಿಯ ಬುಡದಲ್ಲೇ ಕೂರಿಸಿಕೊಂಡು ಹಂಚು ಬಡಿಯುತ್ತಿದ್ದರು. ಅವಳು ಅಜ್ಜಿಯ ಹಾಗೆಯೇ ಗೆಣ್ಣು ಮಡಚಿ ಬಡಿದು, ಕಿವಿಗೊಟ್ಟು ಕೇಳಿ, ದೊಡ್ಡವರಂತೆ "ಒಳ್ಳೆದುಂಟು" ಎನ್ನುವಳು. ಬಂದವರಿಗೆಲ್ಲ ಅತ್ತೆ ಅವಳನ್ನು ತೋರಿಸುತ್ತಿದ್ದರು. "ನಿನಗೆ ತೇಳು ಎಂತ ಮಾಡ್ತದೆ ಹೇಳು ಮಗಾ?" "ಎಂತ ಮಾಡುವುದಿಲ್ಲ." "ನೋವಾಗ್ತದಾ?" "ಇಲ್ಲ." ಎಲ್ಲರೂ ನಗುತ್ತಿದ್ದರು. ನಾನು ಒಳಗಿನಿಂದ ಇದನ್ನು ಕೇಳುತ್ತಾ ಸೊಪ್ಪು ಹೆಚ್ಚುತ್ತಿದ್ದೆ. ಮಗಳು ಚೆಲುವೆ. ಅವಳನ್ನು ನೋಡಿದಾಗ ಎದೆಯಲ್ಲಿ ಎಲ್ಲೋ ಒಂದು ಕಡೆ ಜೋಮು ಬಿಟ್ಟ ಕಾಲಿನ ಹಾಗೆ ಚುಮುಚುಮು ಎನ್ನುತ್ತಿತ್ತು. ನನಗೆ ಪ್ರೀತಿ ಎಂದರೆ ಅದೇ, ಅಷ್ಟು ಬಂದದ್ದೇ ದೊಡ್ಡದು.

ಅವಳಿಗೆ ಐದು ವರ್ಷ ಆಗಿತ್ತು. ಬೇಸಿಗೆ. ಗಂಡ ಪೇಟೆಯಲ್ಲಿ ಯಾರದೋ ಮಾಡಿನ ಮೇಲಿದ್ದರು. ನಾನು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅತ್ತೆ ನನ್ನನ್ನು ಕೂಗಿದರು. ಹೆದರಿದ ಕೂಗಲ್ಲ, ಮದುವೆ ಮನೆಯಲ್ಲಿ ಕರೆಯುವಂಥ ಕೂಗು. ಹೋಗಿ ನೋಡಿದರೆ ಮಗಳು ಜಗಲಿಯಲ್ಲಿ ಕುಳಿತು ಬೆಲ್ಲ ತಿನ್ನುತ್ತಿದ್ದಳು. ಅತ್ತೆಯ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಒಂದು ಹಂಚಿನ ತುಂಡಿನ ಮೇಲೆ ಜಜ್ಜಿದ ಚೇಳನ್ನಿಟ್ಟು ನನ್ನ ಮುಂದೆ ಹಿಡಿದರು.

"ಅದೇ ಜಾತಿ ಮಗಾ! ನನ್ನ ಹುಡುಗನನ್ನು ಕೊಂದದ್ದು ಇದೇ ಜಾತಿ. ಇದೇ ಬಣ್ಣ. ನೋಡು, ಬೆರಳಿಗೆ ಹೊಡೆದಿದೆ, ಕೂಗಲೇ ಇಲ್ಲ ನಮ್ಮ ಪುಟ್ಟಿ. ಒಂದು ಶಬ್ದ ಇಲ್ಲ!"

ಹುಲ್ಲಿನ ಬಣ್ಣ. ಸಪೂರ ಕೈ. ದಪ್ಪ ಬಾಲ. ಅತ್ತೆ ಆ ಹಂಚಿನ ತುಂಡು ಹಿಡಿದು ಪಕ್ಕದ ಮನೆಗೆ ತೋರಿಸಲು ಹೋದರು. ನಾನು ಮಗಳನ್ನು ನೋಡಿದೆ. ಹಣೆಯ ಕೂದಲು ಬೆವರಿಗೆ ಅಂಟಿತ್ತು. ಬೆಲ್ಲ ಬಾಯಿಯಿಂದ ಜೊಲ್ಲಾಗಿ ಇಳಿಯುತ್ತಿತ್ತು, ಅವಳು ನುಂಗುತ್ತಿರಲಿಲ್ಲ. ಕೈ ಹಿಡಿದೆ. ಬಾವಿಯ ನೀರಿನಲ್ಲಿ ಅದ್ದಿ ತೆಗೆದಷ್ಟು ತಣ್ಣಗಿತ್ತು.

"ನೋಯ್ತದಾ?" ಎಂದು ಕೇಳಿದೆ. ತಲೆ ಅಲ್ಲಾಡಿಸದೆ ಕೇಳಿದೆ.

ಅವಳು ಬಾಗಿಲಿನ ಕಡೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ತುಂಬಾ ನೋಯ್ತದೆ ಅಮ್ಮ" ಎಂದಳು. "ಅಜ್ಜಿಗೆ ಹೇಳ್ಬೇಡ."

ಹೇಳಿ ಮುಗಿಸುವಷ್ಟರಲ್ಲಿ ವಾಂತಿ ಮಾಡಿಕೊಂಡಳು. ನಾನು ಅವಳನ್ನು ಎತ್ತಿಕೊಂಡು ಅಂಗಳಕ್ಕಿಳಿದೆ. ಅತ್ತೆ ಓಡಿ ಬಂದರು. ಕಂಕನಾಡಿಯ ಆಸ್ಪತ್ರೆಗೆ ಎಂದೆ. "ಬೆಲ್ಲ ಜಾಸ್ತಿಯಾಗಿದೆ, ಅದಕ್ಕೆ ಎಂತಕ್ಕೆ ಆಸ್ಪತ್ರೆ? ನೀನು ಒಮ್ಮೆ ಸವರು, ನಿನ್ನ ಕೈ ಉಂಟಲ್ಲ" ಎಂದರು. ನಾನು ಸವರಿದೆ. ನನಗೆ ಗೊತ್ತಿದ್ದದ್ದು ಅದೊಂದೇ. ಅಂಗಳದಲ್ಲಿ ನಿಂತೇ ಹೆಗಲಿನಿಂದ ಬೆರಳ ತುದಿಯ ತನಕ ಸವರಿದೆ, ಮತ್ತೆ ಸವರಿದೆ. ಎಲ್ಲಿಗೆ ಬಂತು ಎಂದು ಕೇಳಲು ಧೈರ್ಯ ಬರಲಿಲ್ಲ. ನನ್ನ ಕೈಯ ಅಡಿಯಲ್ಲಿ ಅವಳ ಎದೆ, ಮುಷ್ಟಿಯಲ್ಲಿ ಹಿಡಿದ ಹಕ್ಕಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಅತ್ತೆಯನ್ನು ಪಕ್ಕಕ್ಕೆ ಸರಿಸಿ ರಸ್ತೆಗೆ ಬಂದೆ.

ಪೇಟೆಗೆ ಹೊರಟ ಒಂದು ಎತ್ತಿನ ಗಾಡಿ ಸಿಕ್ಕಿತು, ಹಂಚಿನ ಗಾಡಿ. ಹಂಚಿನ ನಡುವೆ ಹುಲ್ಲು ಹಾಕಿದ್ದ ಜಾಗದಲ್ಲಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಕಂಕನಾಡಿಗೆ ಇಳಿಜಾರು, ಆದರೂ ಎತ್ತು ಎಷ್ಟು ನಡೆಯಬೇಕೋ ಅಷ್ಟೇ ನಡೆಯುತ್ತದೆ. ಗಾಡಿಯವನು ತಿರುಗಿ ತಿರುಗಿ ನೋಡುತ್ತಿದ್ದ. ದಾರಿಯಲ್ಲಿ ಅವಳು ಅಳಲಿಲ್ಲ. "ಇಲ್ಲಿ ಅಜ್ಜಿ ಇಲ್ಲ ಮಗಾ, ಕೂಗು" ಎಂದೆ. "ಜೋರಾಗಿ ಕೂಗು." ಅವಳು ಬಾಯಿ ತೆರೆದಳು. ಕೂಗಲು ಉಸಿರು ಸಾಕಾಗಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಕೂಡಲೇ ಒಳಗೆ ತೆಗೆದುಕೊಂಡರು. ಡಾಕ್ಟರು ವಯಸ್ಸಾದವರು. ಯಾವ ಬಣ್ಣದ ಚೇಳು ಎಂದು ಮೊದಲು ಕೇಳಿದರು, ಹೇಳಿದೆ. ಸೂಜಿ ಹಾಕಿದರು, ಕಂಬಳಿ ಹೊದಿಸಿದರು, ಬಿಸಿನೀರಿನ ಬಾಟ್ಲಿ ಕಾಲಿಗೆ ಇಟ್ಟರು. ಆ ವಿಷಕ್ಕೆ ಇದಿರು ಮದ್ದು ಆಗ ಯಾರಲ್ಲೂ ಇರಲಿಲ್ಲ. ಅದು ನರಗಳನ್ನು ಕೆರಳಿಸಿ ಹೃದಯವನ್ನು ಓಡಿಸಿ ಓಡಿಸಿ ಸುಸ್ತು ಮಾಡುತ್ತದೆ, ಸುಸ್ತಾದ ಹೃದಯ ನೀರನ್ನು ಶ್ವಾಸಕೋಶಕ್ಕೆ ಬಿಡುತ್ತದೆ. ಸಣ್ಣ ಮೈ ಇದ್ದಷ್ಟೂ ಬೇಗ. ಇದೆಲ್ಲ ಆಮೇಲೆ ಓದಿದ್ದು. ಆಗ ನಾನು ನೋಡಿದ್ದು ಅವಳ ಮೂಗಿನ ಹತ್ತಿರ ಬಂದ ಗುಲಾಬಿ ಬಣ್ಣದ ನೊರೆಯನ್ನು ಮಾತ್ರ. ಅದನ್ನು ಸೆರಗಿನಿಂದ ಒರೆಸುತ್ತಾ ಇದ್ದೆ. ಒರೆಸಿದ ಹಾಗೆ ಬರುತ್ತಿತ್ತು. ಸಂಜೆಯ ಬಿಸಿಲು ಕಿಟಕಿಯಲ್ಲಿ ಇರುವಾಗಲೇ ಅದು ಬರುವುದು ನಿಂತಿತು. ಡಾಕ್ಟರು ಏನೋ ಹೇಳಿದರು. ನಾನು ಇನ್ನೊಮ್ಮೆ ಒರೆಸಿದೆ.

ಗಂಡ ಬಂದು ಅವಳನ್ನು ಎತ್ತಿಕೊಂಡರು. ಹೆಗಲು ಅಲುಗುವಂತೆ ಅತ್ತರು. ನಾನು ಹಿಂದೆ ನಡೆದೆ. ಜನ ನನ್ನ ಒಣ ಮುಖ ನೋಡಿ ಅದೇನೋ ಪಿಸುಗುಟ್ಟಿದರು. ಅವರು ಎಣಿಸಿದಂತೆ ನಾನು ಕಲ್ಲಾಗಿರಲಿಲ್ಲ. ಅಳು ಎಲ್ಲಿದೆ ಎಂದು ಗೊತ್ತಿತ್ತು, ಅಲ್ಲಿಗೆ ದಾರಿ ಗೊತ್ತಿರಲಿಲ್ಲ. ಆ ಪುಟ್ಟ ಹುಡುಗಿಗೆ ದಾರಿ ಮುಚ್ಚಿದವರು ಯಾರು ಎಂದು ಕೇಳಿದರೆ ಒಬ್ಬರನ್ನು ತೋರಿಸಲು ನನಗೆ ಆಗುವುದಿಲ್ಲ. ಸಿಟ್ಟು ಮಾತ್ರ ಉಂಟು, ಅದು ಈಗಲೂ ಉಂಟು.

ಅತ್ತೆ ಹಂಚು ಬಡಿಯುವುದನ್ನು ಬಿಟ್ಟರು. ಅಟ್ಟಿಗಳನ್ನು ಗಂಡ ಯಾರಿಗೋ ಕೊಟ್ಟು ಅಂಗಳ ಖಾಲಿ ಮಾಡಿದರು. ಅತ್ತೆ ಆ ಖಾಲಿ ಅಂಗಳಕ್ಕೆ ಬೆನ್ನು ಹಾಕಿ ಜಗಲಿಯಲ್ಲಿ ಕುಳಿತಿರುತ್ತಿದ್ದರು. ಊಟ ಮುಟ್ಟುತ್ತಿರಲಿಲ್ಲ. ಬಡಿಸಿದ್ದನ್ನು ಬೆರಳಿನಿಂದ ಆಚೀಚೆ ಮಾಡಿ ಏಳುತ್ತಿದ್ದರು. ಮೈ ಇಳಿದು ಕೊರಳ ಎಲುಬು ಎದ್ದು ಕಾಣುವಂತಾಯಿತು. ನನ್ನ ಹತ್ತಿರ ಒಂದು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಅವರ ಮೇಲೆ ಒಂದು ದಿನ ಬಾಯಿಬಿಟ್ಟು ಬೊಬ್ಬೆ ಹೊಡೆಯಬೇಕು, ನಿಮ್ಮಿಂದ ಆಯಿತು ಎನ್ನಬೇಕು, ನನ್ನ ಮಗಳು ನನ್ನ ಕಿವಿಯಲ್ಲಿ ಹೇಳಿದ್ದನ್ನು ಅಕ್ಷರ ಬಿಡದೆ ಹೇಳಬೇಕು ಎಂದು ನನಗೆ ಆಸೆಯಿತ್ತು. ಆ ಆಸೆಯೊಂದೇ ನನ್ನನ್ನು ಬೆಳಿಗ್ಗೆ ಎಬ್ಬಿಸುತ್ತಿತ್ತು ಎಂದರೂ ಸರಿ.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವರಿಗೆ ಗಂಜಿ ಬಡಿಸಿ ಎದುರಿಗೆ ಕುಳಿತಿದ್ದೆ. ಅವರು ಬಟ್ಟಲನ್ನೇ ನೋಡುತ್ತಾ ಕೇಳಿದರು:

"ಅವಳಿಗೆ ನೋವಾಯ್ತಾ ಮಗಾ?"

ನನಗೆ ಬೇಕಾಗಿದ್ದ ಬಾಗಿಲು ಅದೇ. ತಾನಾಗಿ ತೆರೆದಿತ್ತು. ನಾನು ಅವರ ಮುಖ ನೋಡಿದೆ. ಎರಡನೆಯ ಬೊಬ್ಬೆ ಕೇಳಿಸಿಕೊಳ್ಳಲು ಕಿವಿ ಒಡ್ಡಿ ಕುಳಿತವರ ಹಾಗಿದ್ದರು. ಅಜ್ಜಿಗೆ ಅದು ಕೇಳುವುದು ನನ್ನ ಮಗಳಿಗೆ ಬೇಡವಾಗಿತ್ತು.

"ಇಲ್ಲ ಮಾಮಿ" ಎಂದೆ.

"ಸ್ವಲ್ಪವೂ?"

"ಒಂದು ಚೂರೂ ಇಲ್ಲ. ಹೊಟ್ಟೆ ತೊಳಸಿತು, ನಿದ್ದೆ ಬಂತು, ಅಷ್ಟೇ. ಆಮೇಲೆ ನಿಮ್ಮನ್ನು ಕೇಳಿದಳು."

ಅತ್ತೆ ತಲೆ ಆಡಿಸಿದರು. ಆಮೇಲೆ ಬಟ್ಟಲನ್ನು ಹತ್ತಿರ ಎಳೆದುಕೊಂಡು ಉಣ್ಣತೊಡಗಿದರು. ಗಂಜಿ ಮುಗಿಯಿತು. ನಾನು ಇನ್ನೊಂದು ಸೌಟು ಬಡಿಸಿದೆ, ಅದನ್ನೂ ಉಂಡರು.